ನೆರೆಯವನ ಹೊರೆ, ನನ್ನ ಗುಟ್ಟು



ಕ್ರಿಸ್ತಜಯಂತಿಯ ರಜೆಗೆಂದು ಅಮೆರಿಕದಿಂದ ಊರಿಗೆ ಬಂದಿದ್ದ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಮನೆಯ ಆಶೀರ್ವಾದಕ್ಕೆ ನನ್ನನ್ನು ಕರೆದಿದ್ದ. ಪ್ರಾರ್ಥನೆ ಮುಗಿದು ಕಾಫಿಯ ಲೋಟ ಕೈಗೆ ಬಂದ ಮೇಲೆ, ಬಹಳ ದಿನಗಳಿಂದ ತನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯೊಂದನ್ನು ಮುಂದಿಟ್ಟ. ಅವನಿರುವುದು ನ್ಯೂಜೆರ್ಸಿ ರಾಜ್ಯದಲ್ಲಿ. ಗುತ್ತಿಗೆಯ ಕೆಲಸ, ವರ್ಷದ ಅರ್ಧಭಾಗ ಅವನಿಗೆ ಆರೋಗ್ಯ ವಿಮೆ ಇರಲಿಲ್ಲ. ಕಂತು ದುಬಾರಿ, ವಯಸ್ಸು ಚಿಕ್ಕದು, ಮೈಯಲ್ಲಿ ಕಾಯಿಲೆಯಿಲ್ಲ. ಆದ್ದರಿಂದ ಬೇಡವೆಂದು ಬಿಟ್ಟಿದ್ದ. ತೆರಿಗೆಯ ಲೆಕ್ಕ ಸಲ್ಲಿಸುವಾಗ ರಾಜ್ಯ ಸರ್ಕಾರ ಅವನಿಂದ ದಂಡ ವಸೂಲು ಮಾಡಿತು. “ಫಾದರ್, ನಾನು ಯಾರಿಗೂ ಕೇಡು ಮಾಡಲಿಲ್ಲ. ಒಂದು ವಸ್ತುವನ್ನು ಕೊಳ್ಳಲಿಲ್ಲ, ಅಷ್ಟೇ. ಕೊಳ್ಳದೆ ಇದ್ದುದಕ್ಕೂ ದಂಡವುಂಟೆ? ಇದು ಸ್ವಾತಂತ್ರ್ಯದ ದೇಶವೇ?” ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಉತ್ತರ ಕೊಟ್ಟರು. “ಲೋ, ನಿಮ್ಮಪ್ಪನ ಸಂಬಳದಲ್ಲಿ ತಿಂಗಳು ತಿಂಗಳು ಇ.ಎಸ್.ಐ. ಅಂತ ಹಿಡೀತಿದ್ರು. ಅವರನ್ನು ಕೇಳಿ ಹಿಡೀತಿದ್ರಾ? ನೀನು ಹುಟ್ಟುವಾಗ ನನಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದು ಅದೇ ಆಸ್ಪತ್ರೆಯಲ್ಲಿ.”

ಮಗ ನಕ್ಕ, ಆದರೆ ಬಿಡಲಿಲ್ಲ. “ಹಣ ಹೋಗಲಿ ಅಮ್ಮ. ಆ ಅರ್ಜಿಯಲ್ಲಿ ನನ್ನ ಆದಾಯ ಎಷ್ಟು, ಮನೆಯಲ್ಲಿ ಯಾರ್‍ಯಾರಿದ್ದೇವೆ, ಆ ದೇಶದಲ್ಲಿರಲು ನನಗೇನು ಹಕ್ಕು, ಎಲ್ಲವನ್ನೂ ಬರೆಯಬೇಕು. ಆಮೇಲೆ ನಾನು ನುಂಗುವ ಒಂದೊಂದು ಮಾತ್ರೆಯೂ ಯಾವುದೋ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಅದನ್ನು ಯಾರು ನೋಡುತ್ತಾರೋ ನನಗೆ ಗೊತ್ತಿಲ್ಲ.” ಈ ಮಾತಿಗೆ ತಾಯಿಯ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಅಂದು ಇರಲಿಲ್ಲ.

ಮನೆಗೆ ಮರಳಿದ ಮೇಲೆ ನನಗೆ ಹೊಳೆದದ್ದೇನೆಂದರೆ, ಆ ಹುಡುಗ ಒಂದೇ ಉಸಿರಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಿದ್ದ. ನೆರೆಯವನ ಹೊರೆಯಲ್ಲಿ ಪಾಲು ಹೊರಬೇಕೆಂದು ಸರ್ಕಾರ ನನ್ನನ್ನು ಬಲವಂತಪಡಿಸಬಹುದೇ ಎಂಬುದು ಒಂದು. ಆ ಹೊರೆಯ ನೆಪದಲ್ಲಿ ಸರ್ಕಾರ ನನ್ನ ಒಳಮನೆಯನ್ನು ಇಣುಕಿ ನೋಡಬಹುದೇ ಎಂಬುದು ಇನ್ನೊಂದು. ಮೊದಲನೆಯದನ್ನು ವಿರೋಧಿಸುವವರು ಎರಡನೆಯದನ್ನು ಗುರಾಣಿಯಾಗಿ ಹಿಡಿಯುತ್ತಾರೆ. ಎರಡನೆಯದನ್ನು ಬಯಸುವವರು ಮೊದಲನೆಯದರ ಪುಣ್ಯವನ್ನು ಮುಂದೆ ಮಾಡುತ್ತಾರೆ. ಇವೆರಡನ್ನು ಬಿಡಿಸಿ ನೋಡದೆ ನ್ಯಾಯವಾದ ತೀರ್ಮಾನಕ್ಕೆ ಬರಲಾಗದು ಎಂದು ನನಗನಿಸುತ್ತದೆ.

ಮೊದಲು ಹೊರೆಯ ವಿಷಯ. ಅಮೆರಿಕದಲ್ಲಿ ಈ ವಿವಾದ ದೊಡ್ಡದಾಗಿ ಭುಗಿಲೆದ್ದದ್ದು 2010ರ ಮಾರ್ಚ್ 23ರಂದು, ಅಧ್ಯಕ್ಷ ಬರಾಕ್ ಒಬಾಮ ಅವರು ಆರೋಗ್ಯ ಸುಧಾರಣೆಯ ಕಾಯ್ದೆಗೆ ಸಹಿ ಹಾಕಿದಾಗ. ಆ ಸಂಪನ್ನ ದೇಶದಲ್ಲಿ ಆಗ ನಾಲ್ಕೂವರೆ ಕೋಟಿಗೂ ಹೆಚ್ಚು ಜನರಿಗೆ ಯಾವ ವಿಮೆಯೂ ಇರಲಿಲ್ಲ. ಮೊದಲೇ ಕಾಯಿಲೆಯಿದ್ದವರನ್ನು ವಿಮಾ ಸಂಸ್ಥೆಗಳು ಹೊಸ್ತಿಲಲ್ಲೇ ತಡೆಯುತ್ತಿದ್ದವು. ಹೊಸ ಕಾಯ್ದೆಯು ಹಾಗೆ ಯಾರನ್ನೂ ತಿರಸ್ಕರಿಸುವಂತಿಲ್ಲ ಎಂದಿತು. ಆದರೆ ಅಷ್ಟನ್ನೇ ಹೇಳಿ ನಿಲ್ಲುವಂತಿರಲಿಲ್ಲ. ಕಾಯಿಲೆ ಬಿದ್ದ ಮೇಲೂ ವಿಮೆ ಸಿಗುವುದಾದರೆ ಆರೋಗ್ಯವಂತರು ಕಾಯಿಲೆ ಬರುವ ತನಕ ಏಕೆ ಕಂತು ಕಟ್ಟಿಯಾರು? ಮನೆಗೆ ಬೆಂಕಿ ಬಿದ್ದ ಮೇಲೆ ಬೆಂಕಿವಿಮೆ ಕೊಳ್ಳುವ ಹಾಗಾದೀತು. ರೋಗಿಗಳು ಮಾತ್ರ ಉಳಿದ ವಿಮೆಯ ಕಂತು ಏರುತ್ತಾ ಹೋಗಿ, ಕೊನೆಗೆ ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಆದ್ದರಿಂದ ಎಲ್ಲರೂ ವಿಮೆ ಹೊಂದಿರಲೇಬೇಕು, ಇಲ್ಲದವರು ದಂಡ ತೆರಬೇಕು ಎಂಬ ಕಡ್ಡಾಯ 2014ರಿಂದ ಬಂದಿತು. 2016ರ ಹೊತ್ತಿಗೆ ಆ ದಂಡ ವಯಸ್ಕನೊಬ್ಬನಿಗೆ 695 ಡಾಲರ್ ಅಥವಾ ಆದಾಯದ ಶೇಕಡಾ 2.5, ಇವೆರಡರಲ್ಲಿ ಯಾವುದು ಹೆಚ್ಚೋ ಅದು.

ಈ ಕಡ್ಡಾಯದ ಆಲೋಚನೆ ಸಮಾಜವಾದಿಗಳದ್ದೆಂದು ಇಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ 1989ರಲ್ಲಿ ಇದನ್ನು ಮುಂದಿಟ್ಟದ್ದು ಹೆರಿಟೇಜ್ ಫೌಂಡೇಶನ್ ಎಂಬ ಸಂಪ್ರದಾಯವಾದಿ ಸಂಸ್ಥೆ. 2006ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜಾರಿಗೆ ತಂದದ್ದು ರಿಪಬ್ಲಿಕನ್ ಪಕ್ಷದ ರಾಜ್ಯಪಾಲ ಮಿಟ್ ರಾಮ್ನಿ. ತನ್ನ ಖರ್ಚಿಗೆ ತಾನೇ ಹೊಣೆಯಾಗಬೇಕು, ಪರರ ಜೇಬಿಗೆ ಕೈ ಹಾಕಬಾರದು ಎಂಬುದು ಅವರ ವಾದವಾಗಿತ್ತು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಏಕೆಂದರೆ 1986ರಿಂದಲೂ ಆ ದೇಶದ ಕಾನೂನು, ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವನನ್ನು ಹಣವಿಲ್ಲವೆಂದು ಹೊರಗಟ್ಟುವುದನ್ನು ನಿಷೇಧಿಸಿದೆ. ವಿಮೆಯಿಲ್ಲದ ನಮ್ಮ ಯುವಕನ ಕಾರು ಒಂದು ರಾತ್ರಿ ಮರಕ್ಕೆ ಡಿಕ್ಕಿ ಹೊಡೆದರೆ ವೈದ್ಯರು ಅವನನ್ನು ಉಳಿಸಿಯೇ ತೀರುತ್ತಾರೆ. ಅವನಿಂದ ಕಟ್ಟಲಾಗದ ಬಿಲ್ಲು ಕಂತು ಕಟ್ಟುವವರ ತಲೆಯ ಮೇಲೆ ಹಂಚಿಹೋಗುತ್ತದೆ. “ನಾನು ಯಾರಿಗೂ ಕೇಡು ಮಾಡಲಿಲ್ಲ” ಎಂಬ ಅವನ ಮಾತು ಅವನು ತಿಳಿದಷ್ಟು ನಿಷ್ಕಳಂಕವಲ್ಲ.

ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯ ಕೇಳಿದ ಪ್ರಶ್ನೆ ಲೋಕಪ್ರಸಿದ್ಧವಾಯಿತು: ಎಲ್ಲರೂ ಒಂದಲ್ಲ ಒಂದು ದಿನ ಆಹಾರ ಕೊಳ್ಳುವವರೇ ಆದ್ದರಿಂದ ಸರ್ಕಾರ ಎಲ್ಲರಿಗೂ ಬ್ರಾಕೊಲಿ ಕೊಳ್ಳಲೇಬೇಕೆಂದು ಆಜ್ಞಾಪಿಸಬಹುದೇ? (ಬ್ರಾಕೊಲಿ ಎಂದರೆ ಹಸಿರು ಹೂಕೋಸಿನಂಥ ತರಕಾರಿ, ನಮ್ಮ ಹಾಗಲಕಾಯಿಯ ಹಾಗೆ ಅಲ್ಲಿನ ಮಕ್ಕಳ ಶತ್ರು.) 2012ರ ಜೂನ್ 28ರಂದು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಬಂದಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ನಡುದಾರಿ ಹಿಡಿದರು: ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರದ ಹೆಸರಿನಲ್ಲಿ ಸರ್ಕಾರ ಯಾರನ್ನೂ ಏನನ್ನೂ ಕೊಳ್ಳುವಂತೆ ಬಲವಂತಪಡಿಸಲಾಗದು, ಆದರೆ ಕೊಳ್ಳದವನಿಗೆ ತೆರಿಗೆ ಹಾಕಬಹುದು. ಮುಂದೆ 2017ರ ಡಿಸೆಂಬರಿನ ತೆರಿಗೆ ಕಾನೂನು ಆ ದಂಡವನ್ನು 2019ರಿಂದ ಸೊನ್ನೆಗೆ ಇಳಿಸಿತು. ಕೆಲವು ರಾಜ್ಯಗಳು ಮಾತ್ರ ತಮ್ಮದೇ ದಂಡವನ್ನು ಇರಿಸಿಕೊಂಡವು. ನಮ್ಮ ಯುವಕನ ನ್ಯೂಜೆರ್ಸಿ ಅವುಗಳಲ್ಲೊಂದು.

ನ್ಯಾಯಾಲಯದ ಉತ್ತರ ಸಂವಿಧಾನದ ಉತ್ತರ. ನಮಗೆ ಬೇಕಾದದ್ದು ನೀತಿಯ ಉತ್ತರ. ಜಗದ್ಗುರು ಇಪ್ಪತ್ತಮೂರನೇ ಜಾನ್ ಅವರು 1963ರ ತಮ್ಮ ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪತ್ರದಲ್ಲಿ ವೈದ್ಯಕೀಯ ಆರೈಕೆಯನ್ನೂ ಕಾಯಿಲೆಯ ಕಾಲದ ಭದ್ರತೆಯನ್ನೂ ಮನುಷ್ಯನ ಹಕ್ಕುಗಳ ಸಾಲಿನಲ್ಲಿ ಸೇರಿಸಿದರು. ಹಕ್ಕು ಎಂದ ಮೇಲೆ ಅದನ್ನು ಈಡೇರಿಸುವ ಹೊಣೆ ಯಾರದಾದರೂ ಆಗಲೇಬೇಕು. ಅದಕ್ಕೂ ಮುಂಚೆ, 1931ರಲ್ಲಿ, ಹನ್ನೊಂದನೇ ಪಿಯುಸ್ ಅವರು ಇನ್ನೊಂದು ಮಾತನ್ನು ಹೇಳಿದ್ದರು: ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರವು ಕಿತ್ತುಕೊಳ್ಳುವುದು ಅನ್ಯಾಯ. ಕುಟುಂಬ ಮಾಡಬಲ್ಲುದನ್ನು ಊರು, ಊರು ಮಾಡಬಲ್ಲುದನ್ನು ರಾಜ್ಯ ಕಸಿಯಬಾರದು. ಕರ್ನಾಟಕದಲ್ಲಿ 2003ರಲ್ಲಿ ಸಹಕಾರಿ ಸಂಘಗಳ ಮೂಲಕ ರೈತರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ ಈ ತತ್ತ್ವಕ್ಕೆ ಒಪ್ಪುವಂಥದ್ದು. ಅಲ್ಲಿ ಸೇರುವುದು ರೈತನ ಇಚ್ಛೆ. ಹೃದಯದ ಶಸ್ತ್ರಚಿಕಿತ್ಸೆಯಂಥ ದೊಡ್ಡ ಖರ್ಚಿನ ಮುಂದೆ ಕುಟುಂಬವೂ ಊರೂ ಸೋಲುವಾಗ ಮಾತ್ರ ದೊಡ್ಡ ಕೈಯೊಂದು ಆಸರೆಗೆ ಬರುತ್ತದೆ.

ಕಡ್ಡಾಯದ ಕಾನೂನು ಮನಃಸಾಕ್ಷಿಯನ್ನು ಕಟ್ಟಿಹಾಕುವುದು ಯಾವಾಗ? ಗುರುಮಠದಲ್ಲಿ ಮಧ್ಯಾಹ್ನದ ಊಟದ ಮೇಲಿನ ತರಗತಿಯಲ್ಲಿ, ಅರೆಗಣ್ಣು ಮುಚ್ಚಿ, ಸಂತ ಥಾಮಸ್ ಅಕ್ವಿನಾಸರಿಂದ ನಾವು ಕಲಿತ ಮೂರು ಷರತ್ತುಗಳಿವೆ. ಕಾನೂನಿನ ಗುರಿ ಸರ್ವಜನರ ಹಿತವಾಗಿರಬೇಕು. ಅದನ್ನು ಮಾಡಿದವರು ತಮ್ಮ ಅಧಿಕಾರದ ಎಲ್ಲೆಯನ್ನು ಮೀರಿರಬಾರದು. ಅದರ ಭಾರ ಜನರ ಮೇಲೆ ತಕ್ಕ ಪ್ರಮಾಣದಲ್ಲಿ ಹಂಚಿರಬೇಕು. ಮೊದಲನೆಯದು ಅಮೆರಿಕದ ಆ ಕಾಯ್ದೆಗೆ ಇತ್ತು ಎಂದೇ ನನ್ನ ಎಣಿಕೆ. ಎರಡನೆಯದನ್ನು ನ್ಯಾಯಾಲಯ ತೀರ್ಮಾನಿಸಿತು. ಮೂರನೆಯದರಲ್ಲಿ ಅದು ಎಡವಿತು. ಕಾಯ್ದೆಯ ಮೊದಲ ರೂಪದಲ್ಲಿ ಬಡತನದ ರೇಖೆಯ ನಾಲ್ಕು ಪಟ್ಟಿನವರೆಗೆ ಆದಾಯವಿದ್ದವರಿಗೆ ಕಂತಿನಲ್ಲಿ ಸಹಾಯಧನವಿತ್ತು. ಅದಕ್ಕಿಂತ ಒಂದೇ ಡಾಲರ್ ಹೆಚ್ಚು ದುಡಿದ ಕುಟುಂಬಕ್ಕೆ ಏನೂ ಇರಲಿಲ್ಲ. ನಡುವಯಸ್ಸಿನ ಗಂಡಹೆಂಡಿರು ಮನೆಬಾಡಿಗೆಯಷ್ಟೇ ಹಣವನ್ನು ಕಂತಿಗೂ ಸುರಿಯಬೇಕಾದ ಪ್ರಸಂಗಗಳು ಬಂದವು. ಅಂಥವರು ಗೊಣಗಿದರೆ ಅದನ್ನು ಸ್ವಾರ್ಥವೆನ್ನುವುದು ತಪ್ಪು.

ಆದರೂ ಹಣದ ಬಲವಂತ ನನ್ನನ್ನು ಅಷ್ಟಾಗಿ ಕಲಕುವುದಿಲ್ಲ. ಹಣವೆಂಬುದು ಮನುಷ್ಯನ ಹೊರಗಿನದು. ಅತ್ಯಂತ ಸಂಕಟದಲ್ಲಿರುವವನಿಗೆ ನನ್ನ ಹೆಚ್ಚುವರಿಯಲ್ಲಿ ಪಾಲುಂಟೆಂದು ಧರ್ಮಸಭೆ ಶತಮಾನಗಳಿಂದ ಕಲಿಸಿದೆ. ನಮ್ಮ ದೇಶ 1948ರಲ್ಲೇ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯನ್ನು ಮಾಡಿ ಸಂಬಳದಿಂದ ಕಡ್ಡಾಯವಾಗಿ ಕಂತು ಹಿಡಿಯತೊಡಗಿತು. ಕಾರ್ಖಾನೆಯಲ್ಲಿ ದುಡಿದ ನಮ್ಮ ಹಿರಿಯರು ಆಸ್ಪತ್ರೆಯ ಸಾಲುಗಳನ್ನು ಬೈದಿದ್ದುಂಟು, ಔಷಧಿಯಿಲ್ಲದ ಕಪಾಟುಗಳನ್ನು ಬೈದಿದ್ದುಂಟು. ತಮ್ಮ ಸ್ವಾತಂತ್ರ್ಯ ಹೋಯಿತೆಂದು ಬೈದದ್ದನ್ನು ನಾನು ಕೇಳಿಲ್ಲ.

ಬಲವಂತವು ಹಣದಿಂದ ಒಳಕ್ಕೆ ಇಳಿದಾಗ ಸಂಗತಿ ಬೇರೆಯಾಗುತ್ತದೆ. ಅದೇ ಕಾಯ್ದೆಯ ಅಡಿಯಲ್ಲಿ ಒಬಾಮ ಸರ್ಕಾರವು ಉದ್ಯೋಗದಾತರು ಕೊಡುವ ವಿಮೆಯಲ್ಲಿ ಗರ್ಭನಿರೋಧಕಗಳೂ ಸೇರಿರಬೇಕೆಂದು ವಿಧಿಸಿತು. ದೇವಾಲಯಗಳಿಗೆ ವಿನಾಯಿತಿ ಸಿಕ್ಕಿತು. ಧರ್ಮಭಗಿನಿಯರ ಸೇವಾಸಂಸ್ಥೆಗಳಿಗೆ ಅದೇ ಬಗೆಯ ವಿನಾಯಿತಿ ಸಿಗಲಿಲ್ಲ. ಸಂತ ಜೀನ್ ಜುಗಾನ್ ಅವರು 1839ರಲ್ಲಿ ಫ್ರಾನ್ಸಿನಲ್ಲಿ ಒಬ್ಬ ಕುರುಡಿ ಮುದುಕಿಯನ್ನು ತಮ್ಮ ಮನೆಗೆ ಕರೆತಂದು ಆರಂಭಿಸಿದ ‘ಬಡವರ ಕಿರಿಯ ಸಹೋದರಿಯರು’ ಎಂಬ ಸಭೆಯನ್ನು ಬೆಂಗಳೂರಿನ ವಾಚಕರು ಬಲ್ಲರು; ಹೊಸೂರು ರಸ್ತೆಯಲ್ಲಿ ಅವರ ವೃದ್ಧಾಶ್ರಮವಿದೆ. ಭಿಕ್ಷೆ ಬೇಡಿ ಮುದುಕರನ್ನು ಸಾಕುವ ಈ ಭಗಿನಿಯರು ಅಮೆರಿಕದ ಸರ್ಕಾರದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. “ಒಂದು ಕಾಗದಕ್ಕೆ ಸಹಿ ಹಾಕಿ, ಉಳಿದದ್ದನ್ನು ವಿಮಾ ಸಂಸ್ಥೆ ನೋಡಿಕೊಳ್ಳುತ್ತದೆ” ಎಂಬುದು ಸರ್ಕಾರದ ಸಮಾಧಾನ. ಆ ಸಹಿಯೇ ನಮ್ಮ ಮನಃಸಾಕ್ಷಿಗೆ ಒಪ್ಪದು ಎಂಬುದು ಭಗಿನಿಯರ ಉತ್ತರ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜಿಯ ದಾರಿ ಹುಡುಕಿರೆಂದು ಕಳುಹಿಸಿತು. 2020ರ ಜುಲೈನಲ್ಲಿ ಏಳಕ್ಕೆ ಎರಡು ಮತಗಳಿಂದ ಅವರ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೆಳ ನ್ಯಾಯಾಲಯಗಳಲ್ಲಿ ವ್ಯಾಜ್ಯ ಆಮೇಲೂ ಮುಂದುವರಿಯಿತು.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಆ ಕಾಯ್ದೆಯ ಬಗ್ಗೆ ಅಮೆರಿಕದ ಕಥೋಲಿಕರೇ ಒಂದಾಗಿರಲಿಲ್ಲ. ಎಲ್ಲರಿಗೂ ಆರೋಗ್ಯ ಸೇವೆ ಸಿಗಬೇಕೆಂದು ದಶಕಗಳಿಂದ ಹೇಳುತ್ತಿದ್ದ ಧರ್ಮಾಧ್ಯಕ್ಷರ ಮಂಡಳಿಯು ಗರ್ಭಪಾತ ಮತ್ತು ಮನಃಸಾಕ್ಷಿಯ ರಕ್ಷಣೆಯ ಕಾರಣಗಳಿಂದ ಅಂತಿಮ ಕರಡನ್ನು ವಿರೋಧಿಸಿತು. ಕಥೋಲಿಕ ಆಸ್ಪತ್ರೆಗಳ ಸಂಘವು ಧರ್ಮಭಗಿನಿ ಕ್ಯಾರಲ್ ಕೀಹನ್ ಅವರ ನೇತೃತ್ವದಲ್ಲಿ ಅದನ್ನು ಬೆಂಬಲಿಸಿತು. ಇಬ್ಬರೂ ಒಂದೇ ಶುಭಸಂದೇಶವನ್ನು ಓದಿದವರು. ಒಬ್ಬರನ್ನು ನಾಸ್ತಿಕರೆಂದೋ ಮತ್ತೊಬ್ಬರನ್ನು ಬಡವರ ವೈರಿಗಳೆಂದೋ ಕರೆಯುವುದು ಸುಲಭ, ನಾನದಕ್ಕೆ ಸಿದ್ಧನಿಲ್ಲ.

ಇನ್ನು ಎರಡನೆಯ ಪ್ರಶ್ನೆ, ಇಣುಕುವ ಕಣ್ಣಿನದು. 2013ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬ ತರುಣ ಹೊರಗೆಡಹಿದ ದಾಖಲೆಗಳಿಂದ, ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ಕೋಟ್ಯಂತರ ಸಾಮಾನ್ಯ ನಾಗರಿಕರ ದೂರವಾಣಿ ಕರೆಗಳ ವಿವರವನ್ನು ಸಾರಾಸಗಟಾಗಿ ಸಂಗ್ರಹಿಸುತ್ತಿದ್ದುದು ಬೆಳಕಿಗೆ ಬಂದಿತು. ಮಾತುಗಳನ್ನಲ್ಲ, ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ಮಾತ್ರ. “ಮಾತ್ರ” ಎಂಬ ಪದವನ್ನು ಸ್ವಲ್ಪ ಯೋಚಿಸಿ. ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಪ್ರಸೂತಿ ವೈದ್ಯೆಗೆ, ಹತ್ತು ನಿಮಿಷದ ಬಳಿಕ ತಾಯಿಗೆ, ರಾತ್ರಿ ಹನ್ನೊಂದಕ್ಕೆ ಧರ್ಮಕೇಂದ್ರದ ಗುರುವಿಗೆ ಕರೆ ಮಾಡಿದಳೆಂದು ತಿಳಿದವನಿಗೆ ಮಾತು ಕೇಳುವ ಅಗತ್ಯವೇನಿದೆ? 2015ರಲ್ಲಿ ಅಲ್ಲಿನ ಶಾಸನಸಭೆ ಈ ಸಾರಾಸಗಟು ಸಂಗ್ರಹವನ್ನು ನಿಲ್ಲಿಸಿತು.

ಇದಕ್ಕೂ ವಿಮೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಬಹುಕಾಲ ಸಂಬಂಧವಿಲ್ಲವೆಂದೇ ಜನ ತಿಳಿದಿದ್ದರು. 2025ರಲ್ಲಿ ಆ ಸಂಬಂಧ ಕಣ್ಣಿಗೆ ಬಿದ್ದಿತು. ಬಡವರಿಗಾಗಿ ಸರ್ಕಾರವೇ ನಡೆಸುವ ‘ಮೆಡಿಕೇಯ್ಡ್’ ಎಂಬ ಆರೋಗ್ಯ ಯೋಜನೆ ಅಲ್ಲಿದೆ. 2010ರ ಕಾಯ್ದೆ ಅದನ್ನೂ ವಿಸ್ತರಿಸಿತ್ತು. ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯ, ಇಲಿನಾಯ್ ಮೊದಲಾದ ರಾಜ್ಯಗಳ ಫಲಾನುಭವಿಗಳ ವೈಯಕ್ತಿಕ ವಿವರಗಳನ್ನು ಕೇಂದ್ರದ ಆರೋಗ್ಯ ಇಲಾಖೆಯು ವಲಸಿಗರನ್ನು ಹಿಡಿದು ಗಡೀಪಾರು ಮಾಡುವ ಗೃಹಭದ್ರತಾ ಇಲಾಖೆಗೆ ಒಪ್ಪಿಸಿತು. ರಾಜ್ಯಗಳು ಮೊರೆಹೋದವು; ಆಗಸ್ಟ್ ತಿಂಗಳಲ್ಲಿ ನ್ಯಾಯಾಲಯವೊಂದು ಮೊರೆಹೋದ ರಾಜ್ಯಗಳ ಮಟ್ಟಿಗೆ ತಾತ್ಕಾಲಿಕ ತಡೆ ನೀಡಿತು; ವ್ಯಾಜ್ಯ ಮುಂದುವರಿಯಿತು. ಕಾನೂನಿನ ವಾದಪ್ರತಿವಾದ ಏನೇ ಇರಲಿ, ಒಂದು ಚಿತ್ರವನ್ನು ನಿಮ್ಮ ಮನಸ್ಸಿಗೆ ತಂದುಕೊಳ್ಳಿ. ಮಗುವಿನ ಮೈ ಸುಡುತ್ತಿದೆ. ಆಸ್ಪತ್ರೆಯಲ್ಲಿ ವಿಳಾಸ ಬರೆಸಿದರೆ ಆ ವಿಳಾಸಕ್ಕೆ ನಾಳೆ ಯಾರು ಬರುತ್ತಾರೋ ತಾಯಿಗೆ ಗೊತ್ತಿಲ್ಲ. ಅವಳು ಬೆಳಗಾಗಲೆಂದು ಕಾಯುತ್ತಾಳೆ. ವಾಸಿ ಮಾಡಲೆಂದು ಪಡೆದ ವಿಳಾಸ ಬೇಟೆಗೆ ಒದಗಿದಾಗ ಮುರಿದುಬೀಳುವುದು ವಿಮೆಯೇ. ಯಾವ ಹೊರೆಯನ್ನು ಎಲ್ಲರೂ ಸೇರಿ ಹೊರಬೇಕೆಂದು ಆ ದೇಶ ಇಷ್ಟೆಲ್ಲ ಸೆಣಸಿತೋ, ಅದರ ಬುಡಕ್ಕೇ ಆ ಇಣುಕುನೋಟ ಕೊಡಲಿ ಹಾಕಿತು.

ನಮ್ಮ ಮನೆಯ ಮಾತು ಇದಕ್ಕಿಂತ ದೂರದಲ್ಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ವಯಸ್ಸಿನಲ್ಲಿ ನಮ್ಮಲ್ಲಿ ಹೆಚ್ಚಿನವರು ವೈದ್ಯರ ಬಳಿಗಲ್ಲದೆ ಬೇರೆಲ್ಲಿಗೂ ಹೋಗುವುದಿಲ್ಲ. ಅವರ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸಾರಿತು. ಮರುವರ್ಷ ಸೆಪ್ಟೆಂಬರ್ 26ರಂದು ಬಂದ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸಹಾಯಧನಗಳಿಗೂ ಆದಾಯ ತೆರಿಗೆಗೂ ಆಧಾರ್ ಕಡ್ಡಾಯವನ್ನು ಒಪ್ಪಿ, ಬ್ಯಾಂಕ್ ಖಾತೆಗೂ ಮೊಬೈಲಿಗೂ ಅದನ್ನು ಜೋಡಿಸುವ ಕಡ್ಡಾಯವನ್ನು ತಳ್ಳಿಹಾಕಿದರು. ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರೇ ಭಿನ್ನಮತ ಬರೆದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟು ವರ್ಷ ತುಂಬುಬಾಳು ಬಾಳಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಆದರೂ 2020ರ ಮಾರ್ಚಿನ ಕೊನೆಗೆ ಕೊರೋನಾ ಬಂದಾಗ ನಮ್ಮದೇ ರಾಜ್ಯ ಸರ್ಕಾರ, ಮನೆಯಲ್ಲಿ ಪ್ರತ್ಯೇಕವಾಗಿದ್ದವರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ಮೊಬೈಲ್ ಆ್ಯಪಿನಲ್ಲಿ ಕಳುಹಿಸಬೇಕೆಂದು ಆದೇಶಿಸಿತು. ಅಂದು ನಾನದನ್ನು ತಪ್ಪೆನ್ನಲಿಲ್ಲ. ಸೋಂಕು ಹರಡುತ್ತಿತ್ತು, ಎಲ್ಲರೂ ಹೆದರಿದ್ದೆವು. ಹೆದರಿಕೆಯ ಕಾಲದಲ್ಲಿ ಮಾಡಿದ ಕಾನೂನುಗಳನ್ನು ಹೆದರಿಕೆ ಕಳೆದ ಮೇಲೆ ಪುನಃ ಓದಿ ನೋಡುವುದು ಒಳ್ಳೆಯ ಅಭ್ಯಾಸ.

ಈಗ, ವಾಚಕರೇ, ನಮ್ಮ ಧರ್ಮಸಭೆಯ ಕಡೆಗೆ ಬರೋಣ. ಪರರ ಮನೆಯ ಧೂಳನ್ನು ಇಷ್ಟು ಹೊತ್ತು ತೋರಿಸಿದವನು ತನ್ನ ಮನೆಯನ್ನೂ ತೋರಿಸಬೇಕಲ್ಲವೇ. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು. ಇದೊಂದು ಕಡ್ಡಾಯವೇ. ಮನುಷ್ಯನ ಅತ್ಯಂತ ಒಳಗಿನ ಗುಟ್ಟನ್ನು ಇನ್ನೊಬ್ಬನ ಕಿವಿಗೆ ಹಾಕಬೇಕೆಂಬ ಕಡ್ಡಾಯ. ಇದನ್ನು ಓದಿದವರು ಹಲವರಿದ್ದಾರೆ. ಆದರೆ ಅದೇ ಇಪ್ಪತ್ತೊಂದನೆಯ ವಿಧಿಯ ಕೆಳಭಾಗವನ್ನು ಗಮನಿಸುವವರು ಕಡಿಮೆ. ಕೇಳಿದ ಗುರುವು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಆ ಗುಟ್ಟನ್ನು ಹೊರಗೆಡಹಿದರೆ ಅವನನ್ನು ಗುರುಪದವಿಯಿಂದ ಇಳಿಸಿ, ಕಠಿಣ ನಿಯಮದ ಮಠವೊಂದರಲ್ಲಿ ಜೀವಾವಧಿ ಪ್ರಾಯಶ್ಚಿತ್ತಕ್ಕಾಗಿ ಕೂಡಿಹಾಕಬೇಕೆಂದು ಅಲ್ಲಿದೆ. ಹೇಳುವವನ ಮೇಲೆ ಹೊರಿಸಿದ ಕರ್ತವ್ಯ ಮತ್ತು ಕೇಳುವವನ ತುಟಿಗೆ ಹಾಕಿದ ಬೀಗ, ಎರಡೂ ಒಂದೇ ವಿಧಿಯಲ್ಲಿ, ಒಂದೇ ದಿನ ಹುಟ್ಟಿದವು. ಹೇಳುವವನಿಗೆ ವರ್ಷಕ್ಕೊಂದು ದಿನದ ಕರ್ತವ್ಯವಾದರೆ ಕೇಳುವವನಿಗೆ ಸಾಯುವವರೆಗಿನ ಶಿಕ್ಷೆ.

ಸರ್ಕಾರಗಳ ಕಡ್ಡಾಯಗಳನ್ನು ನಾನೀಗ ಈ ತಕ್ಕಡಿಯಲ್ಲಿ ತೂಗುತ್ತೇನೆ. ನನ್ನಿಂದ ವಿವರ ಕೇಳುವ ಕಾಯ್ದೆಯ ಪುಟದಲ್ಲೇ, ಕೇಳಿದ ಅಧಿಕಾರಿಯ ಬಾಯಿಗೂ ಬೀಗವಿದೆಯೇ? ಮುರಿದರೆ ಅವನಿಗೇನಾಗುತ್ತದೆ? ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕಿತರಿಗಾಗಿ 2017ರಲ್ಲಿ ಮಾಡಿದ ಕಾಯ್ದೆಯಲ್ಲಿ ಅಂಥ ಬೀಗವಿದೆ: ಸೋಂಕಿತನ ಸ್ಥಿತಿಯನ್ನು ಅವನ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ಅದು ನಿಷೇಧಿಸುತ್ತದೆ.

ಆದರೆ ಧರ್ಮಸಭೆಯೂ ತಾನು ಕಂಡುಕೊಂಡ ಈ ಜಾಣ್ಮೆಯನ್ನು ಎಲ್ಲ ಕಾಲದಲ್ಲೂ ಕಾಪಾಡಿಕೊಳ್ಳಲಿಲ್ಲ. ಯಾರು ಪರಮಪ್ರಸಾದಕ್ಕೆ ಅಂಗೀಕೃತರಾಗಿದ್ದಾರೆ, ಯಾರು ದೃಢೀಕರಣ ಸಂಸ್ಕಾರ ಪಡೆದಿದ್ದಾರೆ ಎಂಬ ಗುರುತನ್ನು ಕುಟುಂಬ ಕುಟುಂಬವಾಗಿ ಬರೆದಿಡುವ ಪುಸ್ತಕವನ್ನು 1614ರ ರೋಮನ್ ವಿಧಿಗ್ರಂಥ ಪ್ರತಿ ಧರ್ಮಕೇಂದ್ರಕ್ಕೂ ಗೊತ್ತುಪಡಿಸಿತು. ಕುರಿಗಳನ್ನು ಹೆಸರಿಡಿದು ಬಲ್ಲ ಕುರುಬನಾಗಬೇಕೆಂಬುದು ಅದರ ಆಶಯ. ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಾದರೋ, ಧರ್ಮಾಧ್ಯಕ್ಷರಿಗೆ ಒಪ್ಪಿತನಾದ ಗುರುವಿನ ಬಳಿ ಪಾಪನಿವೇದನೆ ಮಾಡಿದ ಚೀಟಿ ತೋರಿಸದವರಿಗೆ ಮರಣಶಯ್ಯೆಯಲ್ಲಿಯೂ ಸಂಸ್ಕಾರಗಳನ್ನು ನಿರಾಕರಿಸಿದ್ದುಂಟು. ಆಶೀರ್ವಾದಕ್ಕಾಗಿ ತೆರೆದ ಪುಸ್ತಕ ಕಾವಲಿನ ಪುಸ್ತಕವಾಗಲು ಬಹಳ ಕಾಲ ಬೇಕಾಗಲಿಲ್ಲ.

ಇದನ್ನು ನಾನು ಗ್ರಂಥಗಳಿಂದ ಮಾತ್ರ ಕಲಿತವನಲ್ಲ. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ, ಕುಟುಂಬವಂತನೊಬ್ಬ ಔಷಧಿಗೆ ಸಹಾಯ ಕೇಳಿ ಬಂದ. ಪಾಪನಿವೇದನೆಯ ಪೀಠಕ್ಕಲ್ಲ, ನನ್ನ ಕಛೇರಿಗೆ. ಪರಿಚಿತರ ಕಣ್ಣಿಗೆ ಬೀಳಬಾರದೆಂದು ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ನಮ್ಮ ನೆರವು ಸಮಿತಿಯ ಅರ್ಜಿಯಲ್ಲಿ ‘ಕಾರಣ’ ಎಂಬ ಅಂಕಣವಿತ್ತು. ಸಮಿತಿ ಹೆಚ್ಚು ಹಣ ಮಂಜೂರು ಮಾಡಲೆಂಬ ಒಳ್ಳೆಯ ಉದ್ದೇಶದಿಂದಲೇ ನಾನು ಕಾಯಿಲೆಯ ಹೆಸರನ್ನು ಸ್ಪಷ್ಟವಾಗಿ ಬರೆದೆ. ಹಣ ಮಂಜೂರಾಯಿತು. ಎರಡು ಭಾನುವಾರಗಳಲ್ಲಿ ಅವನ ಬೆಂಚಿನಲ್ಲಿ ಅವನ ಪಕ್ಕ ಯಾರೂ ಕೂರದಂತಾಯಿತು. ಮೂರನೆಯ ಭಾನುವಾರದಿಂದ ಅವನೂ ಬರಲಿಲ್ಲ, ಅವನ ಹೆಂಡತಿ ಮಕ್ಕಳೂ ಬರಲಿಲ್ಲ. ಮಂಜೂರಾದ ಹಣವನ್ನು ಒಯ್ಯಲು ಕೂಡ ಬರಲಿಲ್ಲ. ನಾನು ಮನೆಗೆ ಹೋದಾಗ ಬೀಗ ಹಾಕಿತ್ತು.

ಒಳ್ಳೆಯ ಸಮಾರಿಯದವನ ಕಥೆಯನ್ನು ಆಮೇಲೆ ಪ್ರಬೋಧನೆಗಾಗಿ ಓದುವಾಗಲೆಲ್ಲ ನನಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದಾರಿಯಲ್ಲಿ ಬಿದ್ದಿದ್ದ ಆ ಗಾಯಾಳುವಿನ ಹೆಸರನ್ನು ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಸಮಾರಿಯದವನು ಎರಡು ನಾಣ್ಯಗಳನ್ನು ಕೊಡುತ್ತಾನೆ, ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆನ್ನುತ್ತಾನೆ. ಛತ್ರದವನು ಖರ್ಚಿನ ಲೆಕ್ಕವನ್ನು ಇಟ್ಟೇ ಇರಬೇಕು. ಇಲ್ಲದಿದ್ದರೆ ತೀರಿಸುವುದು ಹೇಗೆ? ಆದರೆ ಅವನ ಲೆಕ್ಕದಲ್ಲಿ ಎಣ್ಣೆ, ದ್ರಾಕ್ಷಾರಸ, ಊಟ, ಹಾಸಿಗೆ ಇಷ್ಟಿದ್ದರೆ ಸಾಕಾಗಿತ್ತು. ಸಮಾರಿಯದವನನ್ನು ಯಾರೂ ಬಲವಂತಪಡಿಸಲಿಲ್ಲವೆಂದು ನಮ್ಮ ಯುವಕ ನೆನಪಿಸಬಹುದು, ಅದು ನಿಜ. ಮುಂಚೆ ಅದೇ ದಾರಿಯಲ್ಲಿ ಹಾದುಹೋದ ಇಬ್ಬರನ್ನೂ ಯಾರೂ ಬಲವಂತಪಡಿಸಿರಲಿಲ್ಲ ಎಂಬುದನ್ನು ಅವನಿಗೆ ನಾನು ನೆನಪಿಸುವೆ.

ಈ ಮಾತುಗಳನ್ನೆಲ್ಲ ಅವನಿಗೆ ಕಾಗದದಲ್ಲಿ ಬರೆದು ಕಳುಹಿಸಿದ್ದೇನೆ. ದಂಡವನ್ನು ಕಟ್ಟು, ಸಾಧ್ಯವಾದರೆ ಮುಂದಿನ ವರ್ಷ ವಿಮೆ ಮಾಡಿಸು, ಅರ್ಜಿಯಲ್ಲಿ ಸುಳ್ಳು ಬರೆಯಬೇಡ. ಆದರೆ ನೀನು ಬರೆದುಕೊಟ್ಟದ್ದನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂದು ಕೇಳುವುದನ್ನು ನಿಲ್ಲಿಸಬೇಡ, ಹಾಗೆ ಕೇಳುವುದು ದೇಶದ್ರೋಹವಲ್ಲ ಎಂದು. ತಾಯಿಗೆ ಇದರ ಮೊದಲ ಅರ್ಧ ಬಹಳ ಹಿಡಿಸಿತು.

ಈಗಿನ ನನ್ನ ಧರ್ಮಕೇಂದ್ರದ ನೆರವಿನ ಅರ್ಜಿಯಲ್ಲೂ ‘ಕಾರಣ’ ಎಂಬ ಅಂಕಣವಿದೆ. ಅದರಲ್ಲಿ ನಾನು ‘ಔಷಧಿ’ ಎಂದಷ್ಟೇ ಬರೆಯುತ್ತೇನೆ. ಯಾವ ಕಾಯಿಲೆಗೆಂದು ಲೆಕ್ಕ ಪರಿಶೋಧಕರು ಪ್ರತಿ ವರ್ಷವೂ ಕೇಳುತ್ತಾರೆ. ಹೀಗೆ ಮಾಡಿದರೆ ಮೋಸ ಹೋಗುತ್ತೀರಿ ಫಾದರ್ ಎಂದು ಎಚ್ಚರಿಸುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ; ಇದುವರೆಗೆ ಎರಡು ಬಾರಿ ಮೋಸ ಹೋಗಿದ್ದೇನೆ.